ಬಡಾವಣೆಯ ಸಂಘಗಳ ಜೊತೆ ಸೇರಿ ಹಸಿ ಕಸ, ತರಗೆಲೆ ಮತ್ತು ಕೆರೆಯನ್ನು ನೋಡಿಕೊಳ್ಳುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರಿನಂಥ ಹಳ್ಳಿಗಳು ಹೊತ್ತವು. 2012ರಲ್ಲಿ ಮಾವಳ್ಳಿಪುರದ ಕಸ ಸುರಿಯುವ ಭರ್ತಿ ಘಟಕ ಮುಚ್ಚಿದಾಗ ನಗರದ ಬೀದಿಗಳಲ್ಲೇ ಕಸ ರಾಶಿ ಬಿತ್ತು. 2014ರಲ್ಲಿ ಮಂಡೂರಿನ ಜನ ಇನ್ನು ತಾಳಲಾರೆವೆಂದು ಹೋರಾಟಕ್ಕೆ ಇಳಿದರು. 2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ, ಕೆಳಗಿದ್ದ ಮಂದಾರದ ತೋಟ ಮತ್ತು ಮನೆಗಳ ಮೇಲೆ ಹರಡಿತು. ನಮ್ಮ ಅಡುಗೆಮನೆಯ ಸಿಪ್ಪೆ ಯಾರದೋ ಬಾವಿಯ ನೀರನ್ನು ಕೆಡಿಸುವುದು ಅನ್ಯಾಯ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆ ಸಿಪ್ಪೆಯನ್ನು ಬಡಾವಣೆಯೊಳಗೇ ಗೊಬ್ಬರವಾಗಿಸುವುದು ಕಷ್ಟದ ವಿದ್ಯೆಯೂ ಅಲ್ಲ. ಆದರೂ ಒಬ್ಬಿಬ್ಬರ ಉತ್ಸಾಹದಿಂದ ಆರಂಭವಾದ ಕೆಲಸ ಅವರು ಮನೆ ಬದಲಾಯಿಸಿದೊಡನೆ ನಿಂತುಹೋಗುತ್ತದೆ. ಕೆಲಸ ಉಳಿಯಬೇಕಾದರೆ ಅದು ಬಡಾವಣೆಯಲ್ಲಿ ಈಗಾಗಲೇ ಬೇರುಬಿಟ್ಟಿರುವ ಸಂಘಗಳ ಕೈಯಲ್ಲಿರಬೇಕು. ಅಂಥ ಸಂಘಗಳೊಂದಿಗೆ ಹೇಗೆ ಸೇರಬೇಕು, ಏನನ್ನು ಬರೆದುಕೊಳ್ಳಬೇಕು, ಹಣ ಮತ್ತು ದುಡಿಮೆಯನ್ನು ಹೇಗೆ ಹಂಚಬೇಕು ಎಂಬುದನ್ನು ಬೆಂಗಳೂರಿನಂಥ ನಗರದ ಒಂದು ಬಡಾವಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಈಗಾಗಲೇ ಯಾರು ಏನು ಮಾಡುತ್ತಿದ್ದಾರೆ ಎಂದು ತಿಳಿಯಿರಿ

ಹೊಸ ಸಂಘ ಕಟ್ಟುವ ಮುನ್ನ ಇರುವ ಸಂಘಗಳ ಪಟ್ಟಿ ಮಾಡಬೇಕು. ಪಟ್ಟಿ ಮಾಡಲು ಕುಳಿತರೆ ಎಲ್ಲರಿಗೂ ಮೊದಲು ನೆನಪಾಗುವುದು ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ. ಅದು ಮುಖ್ಯವೇ ಆದರೂ ಅದರಲ್ಲಿ ಸಾಮಾನ್ಯವಾಗಿ ಸ್ವಂತ ಮನೆಯುಳ್ಳವರೇ ಇರುತ್ತಾರೆ. ಬಾಡಿಗೆದಾರರು, ಪಕ್ಕದ ವಠಾರದವರು, ರಸ್ತೆ ಬದಿ ವ್ಯಾಪಾರ ಮಾಡುವವರು ಅದರ ಸಭೆಗೆ ಬರುವುದು ಅಪರೂಪ. ಆದ್ದರಿಂದ ಅದರಾಚೆಗೂ ನೋಡಬೇಕು. ರಾಜ್ಯ ಸರ್ಕಾರ 2000-01ರಲ್ಲಿ ಆರಂಭಿಸಿದ ಸ್ತ್ರೀಶಕ್ತಿ ಯೋಜನೆಯ ಮಾದರಿಯ ಮಹಿಳಾ ಸ್ವಸಹಾಯ ಗುಂಪುಗಳು, ಗಣೇಶೋತ್ಸವ ಸಮಿತಿ, ರಾಜ್ಯೋತ್ಸವ ನಡೆಸುವ ಕನ್ನಡ ಸಂಘ, ದೇವಸ್ಥಾನ, ಮಸೀದಿ ಮತ್ತು ಚರ್ಚುಗಳ ಆಡಳಿತ ಮಂಡಳಿ, ಉದ್ಯಾನದಲ್ಲಿ ಬೆಳಗ್ಗೆ ಸೇರುವ ಹಿರಿಯ ನಾಗರಿಕರ ಗುಂಪು, ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಆಟೋ ನಿಲ್ದಾಣದ ಚಾಲಕರ ಸಂಘ, ತರಕಾರಿ ಮಾರುವವರು, ಇವರೆಲ್ಲರಿಗೂ ಅವರವರ ಸದಸ್ಯರು, ಸಭೆಯ ದಿನ ಮತ್ತು ಲೆಕ್ಕದ ಪುಸ್ತಕ ಇವೆ.

ಪಟ್ಟಿಯಲ್ಲಿ ತಪ್ಪದೇ ಇರಬೇಕಾದವರು ಪೌರಕಾರ್ಮಿಕರು, ಆಟೋ ಟಿಪ್ಪರಿನ ಸಿಬ್ಬಂದಿ, ಚಿಂದಿ ಆಯುವವರು ಮತ್ತು ಗುಜರಿ ಅಂಗಡಿಯವರು. ಬಡಾವಣೆಯ ಯಾವ ತಿರುವಿನಲ್ಲಿ ರಾತ್ರಿ ಕಸ ಬೀಳುತ್ತದೆ, ಯಾವ ಹೋಟೆಲಿನವರು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕೊಡುತ್ತಾರೆ ಎಂಬುದನ್ನು ಇವರಷ್ಟು ಖಚಿತವಾಗಿ ಬಲ್ಲವರು ಬೇರೆ ಯಾರೂ ಇಲ್ಲ. ಬೆಂಗಳೂರಿನಲ್ಲಿ ಹಸಿರು ದಳದಂಥ ಸಂಸ್ಥೆಗಳ ಮೂಲಕ ಚಿಂದಿ ಆಯುವವರು ಸಂಘಟಿತರಾಗಿ ಗುರುತಿನ ಚೀಟಿ ಪಡೆದಿದ್ದಾರೆ, ಹಲವು ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳನ್ನು ಅವರೇ ನಡೆಸುತ್ತಿದ್ದಾರೆ. ಅವರನ್ನು ಯೋಜನೆಯ ಫಲಾನುಭವಿಗಳೆಂದು ಕಾಣದೆ, ಮೊದಲ ಸಭೆಯಿಂದಲೇ ಪಾಲುದಾರರಾಗಿ ಕೂರಿಸಿಕೊಳ್ಳಬೇಕು.

ಪ್ರತಿ ಗುಂಪಿನ ಎದುರು ಮೂರು ವಿಷಯ ಬರೆದಿಟ್ಟುಕೊಳ್ಳಿ: ಅವರು ಯಾವಾಗ, ಎಲ್ಲಿ ಸೇರುತ್ತಾರೆ, ಅವರಲ್ಲಿ ಏನಿದೆ, ಅಂದರೆ ಜಾಗವೋ, ಗಾಡಿಯೋ, ಸಮಯವೋ, ಜನರ ವಿಶ್ವಾಸವೋ, ಮತ್ತು ಅವರನ್ನು ಈಗ ಕಾಡುತ್ತಿರುವ ತೊಂದರೆ ಯಾವುದು. ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ದೇವಸ್ಥಾನದವರಿಗೆ ಪ್ರತಿದಿನದ ಹೂವಿನ ರಾಶಿ ತಲೆನೋವಾಗಿದ್ದರೆ, ಶಾಲೆಯ ಗೇಟಿನ ಎದುರೇ ಜನ ಕಸ ಎಸೆದು ಹೋಗುವ ಜಾಗ (ಬ್ಲ್ಯಾಕ್‌ಸ್ಪಾಟ್) ಇದ್ದರೆ, ನಿಮ್ಮ ಕೆಲಸ ಅಲ್ಲಿಂದಲೇ ಆರಂಭವಾಗಲಿ. ಪರಿಸರದ ಬಗ್ಗೆ ಉಪನ್ಯಾಸ ಕೇಳಿ ಬರುವವರಿಗಿಂತ ತಮ್ಮ ಬಾಗಿಲಿನ ತೊಂದರೆ ನೀಗಿದ್ದನ್ನು ಕಂಡು ಬರುವವರು ಹೆಚ್ಚು ಕಾಲ ಜೊತೆಗಿರುತ್ತಾರೆ.

ಎರಡನೆಯ ಹೆಜ್ಜೆ: ಒಂದೇ ಕೆಲಸ ಆರಿಸಿ, ಅದರ ಕಾಲ ನೋಡಿ

ಕಸ, ಕೆರೆ, ಮಳೆನೀರು, ಸೌರಶಕ್ತಿ, ಗಿಡ ನೆಡುವುದು ಎಲ್ಲವನ್ನೂ ಒಟ್ಟಿಗೆ ಕೈಗೆತ್ತಿಕೊಂಡರೆ ಯಾವುದರ ಜವಾಬ್ದಾರಿ ಯಾರದೆಂಬುದೇ ಅಸ್ಪಷ್ಟವಾಗುತ್ತದೆ. ಮೊದಲ ಆರು ತಿಂಗಳಿಗೆ ಒಂದೇ ಕೆಲಸ ಸಾಕು. ತರಗೆಲೆ ಮತ್ತು ಹಸಿ ಕಸದ ಗೊಬ್ಬರವೇ ಆ ಮೊದಲ ಕೆಲಸವಾಗಲಿ ಎಂಬುದು ನನ್ನ ಸಲಹೆ, ಏಕೆಂದರೆ ಫಲಿತಾಂಶ ಎರಡು ತಿಂಗಳಲ್ಲಿ ಕಣ್ಣಿಗೆ ಕಾಣುತ್ತದೆ, ಖರ್ಚು ಕಡಿಮೆ, ಮತ್ತು ಪ್ರತಿ ಮನೆಯೂ ಅದರಲ್ಲಿ ಭಾಗವಹಿಸಬಹುದು.

ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಹೊಂಗೆ, ಮಳೆಮರ ಮೊದಲಾದವು ಹೆಚ್ಚಾಗಿ ಎಲೆ ಉದುರಿಸುವುದು ಜನವರಿಯಿಂದ ಮಾರ್ಚ್‌ವರೆಗೆ. ಆಗ ಬೀದಿಯಲ್ಲಿ ಗುಡ್ಡೆಯಾಗುವ ಎಲೆಗೆ ಬೆಂಕಿ ಹಚ್ಚುವ ಕೆಟ್ಟ ರೂಢಿ ಇನ್ನೂ ಇದೆ. ಆ ಹೊಗೆ ಮಕ್ಕಳ ಮತ್ತು ಉಬ್ಬಸವಿರುವ ಹಿರಿಯರ ಎದೆಗೆ ಹೋಗುತ್ತದೆ. ಅದೇ ಎಲೆಯನ್ನು ಚೀಲಗಳಲ್ಲಿ ತುಂಬಿಟ್ಟರೆ ವರ್ಷವಿಡೀ ಹಸಿ ಕಸಕ್ಕೆ ಬೆರೆಸಲು ಒಣ ಪದಾರ್ಥ ಸಿಗುತ್ತದೆ. ಆದ್ದರಿಂದ ಮಾತುಕತೆಯನ್ನು ರಾಜ್ಯೋತ್ಸವದ ಹೊತ್ತಿಗೆ ಮುಗಿಸಿ, ಎಲೆ ಸಂಗ್ರಹವನ್ನು ಸಂಕ್ರಾಂತಿಗೆ ಆರಂಭಿಸುವಂತೆ ಯೋಜಿಸುವುದು ಒಳ್ಳೆಯದು. ಮಳೆಗಾಲದಲ್ಲಿ ಹೊಸದಾಗಿ ಗೊಬ್ಬರ ಮಾಡಲು ಹೊರಟವರಿಗೆ ಒಣ ಎಲೆ ಸಿಗುವುದಿಲ್ಲ, ರಾಶಿ ನೆನೆದು ನಾರುತ್ತದೆ, ನೆರೆಯವರ ಮೊದಲ ದೂರೂ ಆಗಲೇ ಬರುತ್ತದೆ.

ಮೂರನೆಯ ಹೆಜ್ಜೆ: ಅವರ ಸಭೆಗೆ ನೀವು ಹೋಗಿ

ಎಲ್ಲರನ್ನೂ ನಿಮ್ಮ ಸಭೆಗೆ ಕರೆಯುವ ಬದಲು ಅವರವರ ಸಭೆಯಲ್ಲಿ ಹದಿನೈದು ನಿಮಿಷ ಕೇಳಿಕೊಳ್ಳಿ. ಸ್ವಸಹಾಯ ಗುಂಪಿನ ಸದಸ್ಯೆಯರು ಮನೆಗೆಲಸ ಮುಗಿಸಿ ಸಂಜೆ ಸೇರುತ್ತಾರೆ. ಪೌರಕಾರ್ಮಿಕರು ಬೆಳಗಿನ ಜಾವವೇ ಹಾಜರಿ ಹಾಕಿ ಗುಡಿಸಲು ಹೊರಡುತ್ತಾರೆ, ಅವರೊಂದಿಗೆ ಮಾತನಾಡಬೇಕಾದರೆ ಕೆಲಸ ಮುಗಿದ ಮೇಲಿನ ಸಮಯವನ್ನು ಅವರನ್ನೇ ಕೇಳಿ ನಿಗದಿಪಡಿಸಬೇಕು. ಬಡಾವಣೆಯಲ್ಲಿ ತಮಿಳು, ತೆಲುಗು, ಉರ್ದು ಅಥವಾ ಹಿಂದಿ ಮಾತನಾಡುವವರು ಇದ್ದರೆ ಆ ಭಾಷೆ ಬಲ್ಲ ನೆರೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಪೌರಕಾರ್ಮಿಕ ಮಹಿಳೆಯರನ್ನು ‘ಅಮ್ಮ’, ‘ಅಕ್ಕ’ ಎಂದು ಕರೆದು ಬಹುವಚನದಲ್ಲಿ ಮಾತನಾಡಿಸಿ, ಕುರ್ಚಿ ಹಾಕಿ ಕೂರಿಸಿ. ಅವರು ಗೋಡೆ ಬದಿ ನಿಂತು ಕೇಳುವ ಸಭೆಯಲ್ಲಿ ಅವರ ಬಾಯಿಂದ ನಿಜವಾದ ಕಷ್ಟ ಹೊರಬರುವುದಿಲ್ಲ.

ಮೊದಲ ಭೇಟಿಯಲ್ಲಿ ಯಾವ ಒಪ್ಪಿಗೆಯನ್ನೂ ಕೇಳಬೇಡಿ. ಅವರ ಕೆಲಸದ ಬಗ್ಗೆ ಕೇಳಿ, ಬರೆದುಕೊಳ್ಳಿ, ಎರಡನೆಯ ಭೇಟಿಯಲ್ಲಿ ಅವರು ಹೇಳಿದ ಮಾತನ್ನೇ ಮೊದಲು ಓದಿ ಹೇಳಿ, ಆಮೇಲೆ ನಿಮ್ಮ ಪ್ರಸ್ತಾಪ ಇಡಿ. ಎರಡು ಗುಂಪುಗಳ ನಡುವೆ ಹಳೆಯ ಮನಸ್ತಾಪವಿರುವುದು ನಮ್ಮ ಬಡಾವಣೆಗಳಲ್ಲಿ ಸಾಮಾನ್ಯ: ಗಣೇಶೋತ್ಸವದ ಲೆಕ್ಕ, ಉದ್ಯಾನದ ಬೀಗದ ಕೈ, ಚುನಾವಣೆಯಲ್ಲಿ ಯಾರು ಯಾರ ಪರ ಎಂಬಂಥವು. ಅದನ್ನು ಬಗೆಹರಿಸುವ ಹೊಣೆ ನಿಮ್ಮದಲ್ಲ. ಇಬ್ಬರಿಗೂ ಪ್ರತ್ಯೇಕವಾದ, ಒಬ್ಬರ ಮೇಲೊಬ್ಬರು ಬೀಳದಂಥ ಕೆಲಸ ಹಂಚಿದರೆ ಸಾಕು.

ನಾಲ್ಕನೆಯ ಹೆಜ್ಜೆ: ಜಾಗ ಮತ್ತು ಅನುಮತಿ

ಉದ್ಯಾನದ ಮೂಲೆಯೋ, ಶಾಲೆಯ ಹಿತ್ತಿಲೋ, ದೇವಸ್ಥಾನದ ಜಾಗವೋ, ಮೊದಲು ಅದು ಯಾರ ಹೆಸರಿನಲ್ಲಿದೆ ಎಂದು ತಿಳಿಯಿರಿ. ಸಾರ್ವಜನಿಕ ಉದ್ಯಾನಗಳನ್ನು ನೋಡಿಕೊಳ್ಳುವುದು ಪಾಲಿಕೆಯ ತೋಟಗಾರಿಕೆ ವಿಭಾಗ. ಅವುಗಳಿಗೆ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ತೊಟ್ಟಿ ಕಟ್ಟಿಸಬೇಡಿ. ಸಂಘದ ಪತ್ರದಲ್ಲಿ ಮನವಿ ಬರೆದು, ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಬೆಂಗಳೂರಿನವರು ಇಲ್ಲಿ ಒಂದು ಬದಲಾವಣೆಯನ್ನು ಗಮನಿಸಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ, ಕಸದ ನಿರ್ವಹಣೆಗೆ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಪ್ರತ್ಯೇಕ ಕಂಪನಿಯಿದೆ. ಹಳೆಯ ಕಡತದಲ್ಲಿರುವ ಅಧಿಕಾರಿಯ ಹುದ್ದೆ, ಕಚೇರಿ ಈಗ ಅದೇ ಇರಲಾರದು. ಮನವಿ ಬರೆಯುವ ಮುನ್ನ ವಿಚಾರಿಸಿ. ಸಂವಿಧಾನದ 74ನೆಯ ತಿದ್ದುಪಡಿ ನಗರಗಳಲ್ಲಿ ವಾರ್ಡ್ ಸಮಿತಿಗಳಿಗೆ ಅವಕಾಶ ಕೊಟ್ಟಿದೆ. ನಿಮ್ಮಲ್ಲಿ ಆ ಸಮಿತಿ ಸಭೆ ಸೇರುತ್ತಿದ್ದರೆ ವಿಷಯವನ್ನು ಅಲ್ಲಿ ಮಂಡಿಸಿ ನಡಾವಳಿಯಲ್ಲಿ ದಾಖಲಿಸಿ. ನಡಾವಳಿಯ ಒಂದು ಸಾಲು, ಅಧಿಕಾರಿ ವರ್ಗವಾಗಿ ಹೋದ ಮೇಲೂ ನಿಮ್ಮ ಪರವಾಗಿ ನಿಲ್ಲುತ್ತದೆ.

ಐದನೆಯ ಹೆಜ್ಜೆ: ಒಪ್ಪಿದ್ದನ್ನು ಬರೆದಿಡಿ

ಎಲ್ಲ ಪಾಲುದಾರರೂ ಸಹಿ ಹಾಕುವ ಒಂದೆರಡು ಪುಟದ ತಿಳಿವಳಿಕೆ ಪತ್ರ ಸರಳ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಓದಿ ಹೇಳಿ. ಅದರಲ್ಲಿ ಆಶಯಗಳು ಬೇಡ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಏನು ಮಾಡುತ್ತಾರೆ ಎಂಬುದಿರಲಿ. ಎಲೆ ಗುಡಿಸಿ ಚೀಲಕ್ಕೆ ತುಂಬುವವರು ಯಾರು, ಆ ಚೀಲಗಳನ್ನು ಉದ್ಯಾನಕ್ಕೆ ಮುಟ್ಟಿಸುವ ಗಾಡಿ ಯಾರದು, ರಾಶಿ ತಿರುವುವವರಿಗೆ ಎಷ್ಟು ಕೂಲಿ ಮತ್ತು ಅದನ್ನು ಕೊಡುವವರು ಯಾರು, ಗೇಟಿನ ಬೀಗದ ಕೈ ಯಾರ ಬಳಿ, ತಯಾರಾದ ಗೊಬ್ಬರದಲ್ಲಿ ಉದ್ಯಾನಕ್ಕೆಷ್ಟು, ಮನೆಗಳಿಗೆಷ್ಟು, ಮಾರಾಟಕ್ಕೆಷ್ಟು, ಮಾರಿದ ಹಣ ಯಾರಿಗೆ, ನಾತ ಬಂದರೆ ನೆರೆಯವರು ಯಾರಿಗೆ ಫೋನ್ ಮಾಡಬೇಕು, ಇವೆಲ್ಲ ಇರಬೇಕು. ಯಾವ ಗುಂಪಾದರೂ ಹೊರಹೋಗಬೇಕೆನಿಸಿದರೆ ಒಂದು ತಿಂಗಳ ಮೊದಲು ತಿಳಿಸಬೇಕೆಂಬ ಮಾತನ್ನೂ ಸೇರಿಸಿ. ಪತ್ರಕ್ಕೆ ಒಂದು ವರ್ಷದ ಅವಧಿ ಸಾಕು.

ಒಂದು ಅಂಶವನ್ನು ಒತ್ತಿ ಹೇಳಲೇಬೇಕು. ಪ್ರತಿದಿನ ಕೈ ಕೆಸರು ಮಾಡಿಕೊಳ್ಳುವ ಕೆಲಸವನ್ನು ಸ್ವಯಂಸೇವೆಯ ಹೆಸರಿನಲ್ಲಿ ಬಡವರಿಂದ ಮಾಡಿಸಬಾರದು. ಭಾನುವಾರದ ಶ್ರಮದಾನಕ್ಕೆ ಎಲ್ಲರೂ ಬರಲಿ, ಆದರೆ ದಿನನಿತ್ಯ ರಾಶಿ ನೋಡಿಕೊಳ್ಳುವವರಿಗೆ ಕೂಲಿ, ಗಟ್ಟಿ ಕೈಗವಸು, ಬೂಟು, ಕೈಕಾಲು ತೊಳೆಯಲು ನೀರು ಮತ್ತು ಸೋಪು ಕಡ್ಡಾಯವಾಗಿ ಇರಬೇಕು. ಪೌರಕಾರ್ಮಿಕರಿಗೆ ಅವರ ಅಧಿಕೃತ ಕೆಲಸದ ಮೇಲೆ ಹೆಚ್ಚುವರಿ ಕೆಲಸ ಹೊರಿಸುವುದೂ ತಪ್ಪು. ಅವರು ಎಲೆಯನ್ನು ಬೇರೆಯಾಗಿ ಗುಡಿಸಿ ಇಟ್ಟರೆ ಅಷ್ಟೇ ದೊಡ್ಡ ಸಹಾಯ, ಮುಂದಿನದು ಬೇರೆಯವರದು.

ಆರನೆಯ ಹೆಜ್ಜೆ: ಕಸ ಬೇರ್ಪಡಿಸುವುದು ಮತ್ತು ಗೊಬ್ಬರ ಮಾಡುವುದು

ಗೊಬ್ಬರದ ಗುಣ ನಿರ್ಧಾರವಾಗುವುದು ಮನೆಯ ಅಡುಗೆಕಟ್ಟೆಯ ಮೇಲೆ. ಕರ್ನಾಟಕ ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ‘ಎರಡು ಡಬ್ಬಿ, ಒಂದು ಚೀಲ’ದ ಪದ್ಧತಿಯನ್ನು ಕಡ್ಡಾಯಗೊಳಿಸಿತು: ಹಸಿ ಕಸಕ್ಕೆ ಹಸಿರು ಡಬ್ಬಿ, ನೈರ್ಮಲ್ಯದ ಕಸ ಮತ್ತು ಇತರ ತಿರಸ್ಕೃತ ಕಸಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಚೀಲ. ಹಸಿರು ಡಬ್ಬಿಗೆ ಪ್ಲಾಸ್ಟಿಕ್ ಹಾಸಬಾರದೆಂಬುದನ್ನು ಮನೆಮನೆಗೆ ಹೋಗಿ ಹೇಳಬೇಕಾಗುತ್ತದೆ; ಹಳೆಯ ಪತ್ರಿಕೆ ಹಾಸಿದರೆ ಅದೂ ಗೊಬ್ಬರವಾಗುತ್ತದೆ. ಪ್ಯಾಡ್, ಡಯಾಪರ್‌ಗಳನ್ನು ಪತ್ರಿಕೆಯಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿದರೆ ಬೇರ್ಪಡಿಸುವವರು ಅದನ್ನು ಬಿಚ್ಚಿ ನೋಡುವ ಅವಮಾನ ತಪ್ಪುತ್ತದೆ. ಮನೆಮನೆಗೆ ಹೋಗುವ ಈ ಕೆಲಸವನ್ನು ಸ್ವಸಹಾಯ ಗುಂಪಿನ ಸದಸ್ಯೆಯರಿಗೆ ಗೌರವಧನ ಕೊಟ್ಟು ವಹಿಸಿ. ಕರಪತ್ರಕ್ಕಿಂತ ಪರಿಚಿತ ಮುಖದ ಮಾತನ್ನು ಜನ ಕೇಳುತ್ತಾರೆ. ಬಾಗಿಲು ತೆರೆಯುವವರು ಹಲವು ಕಡೆ ಮನೆಗೆಲಸದವರೇ ಆಗಿರುವುದರಿಂದ ಅವರಿಗೂ ಸಮಾಧಾನವಾಗಿ ತೋರಿಸಿಕೊಡಬೇಕು.

ಒಂದು ಮನೆಯಿಂದ ದಿನಕ್ಕೆ ಅರ್ಧದಿಂದ ಒಂದು ಕಿಲೋ ಹಸಿ ಕಸ ಬರುತ್ತದೆಂದು ಇಟ್ಟುಕೊಳ್ಳಬಹುದು. ಇಡೀ ಬಡಾವಣೆಗೆ ಕೈಹಾಕದೆ ಮೊದಲು ಎರಡು ಬೀದಿಯ ಐವತ್ತು ಮನೆಗಳನ್ನು ತೆಗೆದುಕೊಳ್ಳಿ. ಒಂದು ವಾರ ತೂಕದ ಯಂತ್ರದಲ್ಲಿ ತೂಗಿ ಬರೆದಿಟ್ಟರೆ ನಿಮ್ಮ ಬಡಾವಣೆಯ ನಿಜವಾದ ಅಂಕಿ ಸಿಗುತ್ತದೆ, ತೊಟ್ಟಿಗಳ ಲೆಕ್ಕವನ್ನು ಅದರ ಮೇಲೆ ಹಾಕಿ.

ತೊಟ್ಟಿಯು ಉದ್ದ, ಅಗಲ, ಎತ್ತರಗಳಲ್ಲಿ ಸುಮಾರು ಒಂದೊಂದು ಮೀಟರ್ ಇರಲಿ. ಅದಕ್ಕಿಂತ ಚಿಕ್ಕ ರಾಶಿ ಚೆನ್ನಾಗಿ ಕಾವೇರುವುದಿಲ್ಲ. ಸುತ್ತ ಗಾಳಿಯಾಡುವ ಜಾಲರಿ, ಅಡಿಯಲ್ಲಿ ಇಲಿ ಹೆಗ್ಗಣ ತೂರದಂತೆ ಸಣ್ಣ ಕಣ್ಣಿನ ಕಬ್ಬಿಣದ ಬಲೆ, ಮೇಲೆ ಮಳೆಗೆ ತಗಡಿನ ಮಾಡು, ಇಷ್ಟು ಸಾಕು. ಕನಿಷ್ಠ ಮೂರು ತೊಟ್ಟಿ ಬೇಕು: ಒಂದು ತುಂಬುತ್ತಿರುವಾಗ ಇನ್ನೊಂದು ಕಾವಿನಲ್ಲಿರುತ್ತದೆ, ಮತ್ತೊಂದು ಮಾಗುತ್ತಿರುತ್ತದೆ. ತಳಕ್ಕೆ ಒಂದಡಿ ಒಣ ಎಲೆ ಹಾಸಿ, ಒಂದು ಬಕೆಟ್ ಹಸಿ ಕಸಕ್ಕೆ ಒಂದೂವರೆಯಿಂದ ಎರಡು ಬಕೆಟ್ ಎಲೆ ಬೆರೆಸುತ್ತ ಹೋಗಿ. ಹಸಿ ಕಸದಲ್ಲಿ ಸಾರಜನಕ ಹೆಚ್ಚು, ಎಲೆಯಲ್ಲಿ ಇಂಗಾಲ ಹೆಚ್ಚು. ಇಂಗಾಲ ಸಾರಜನಕದ ಇಪ್ಪತ್ತೈದು ಮೂವತ್ತು ಪಟ್ಟು ಇದ್ದಾಗ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ಮೊದಲ ಸಲ ಹಳೆಯ ಗೊಬ್ಬರವನ್ನೋ ಸಗಣಿ ಕದಡಿದ ನೀರನ್ನೋ ಚಿಮುಕಿಸಿದರೆ ಆರಂಭ ಬೇಗವಾಗುತ್ತದೆ. ಪ್ರತಿದಿನ ಮೇಲ್ಗಡೆ ಒಂದು ಪದರ ಎಲೆ ಮುಚ್ಚುವುದನ್ನು ಎಂದೂ ಬಿಡಬಾರದು. ನೊಣ ಮತ್ತು ನಾತ ತಡೆಯುವುದು ಆ ಪದರವೇ.

ಹದ ನೋಡುವ ಬಗೆ ಹೀಗಿದೆ. ಒಂದು ಹಿಡಿ ತೆಗೆದು ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಎಲೆ ಸೇರಿಸಿ ತಿರುವಿ. ಉದುರಿಹೋದರೆ, ಅಥವಾ ಇರುವೆ ಕಂಡರೆ, ನೀರು ಚಿಮುಕಿಸಿ. ಕಬ್ಬಿಣದ ಸರಳನ್ನು ರಾಶಿಯ ನಡುವೆ ಚುಚ್ಚಿ ಕೆಲವು ನಿಮಿಷ ಬಿಟ್ಟು ತೆಗೆದರೆ ಕೈಗೆ ಬಿಸಿ ಮುಟ್ಟಬೇಕು. ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಇದ್ದಾಗ ಕಳೆಯ ಬೀಜ ಮತ್ತು ರೋಗಾಣುಗಳು ಸಾಯುತ್ತವೆ. ವಾರಕ್ಕೊಮ್ಮೆ ತಿರುವುತ್ತಿದ್ದರೆ ಒಂದೂವರೆಯಿಂದ ಎರಡು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧವಾಗುತ್ತದೆ. ನೂರು ಕಿಲೋ ಹಸಿ ಕಸದಿಂದ ಸುಮಾರು ಹದಿನೈದರಿಂದ ಇಪ್ಪತ್ತು ಕಿಲೋ. ಮಾಂಸ, ಮೂಳೆ, ಕರಿದ ಎಣ್ಣೆಯನ್ನು ಈ ತೆರೆದ ರಾಶಿಗೆ ಹಾಕಬೇಡಿ. ತೆಂಗಿನ ಚಿಪ್ಪು, ಎಳನೀರಿನ ಬುರುಡೆಗಳನ್ನು ಬೇರೆಯೇ ಇಡಿ. ಕಲಿಯಬಯಸುವವರು ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಗ್ರಹ ಕಲಿಕಾ ಕೇಂದ್ರದಂಥ ಕಡೆ ಹಲವು ಬಗೆಯ ಗೊಬ್ಬರದ ತೊಟ್ಟಿಗಳನ್ನು ಒಂದೇ ಜಾಗದಲ್ಲಿ ಕಾಣಬಹುದು. ಪಾಲುದಾರರೆಲ್ಲರೂ ಒಟ್ಟಿಗೆ ಹೋಗಿ ನೋಡುವುದು ಮೇಲು, ಏಕೆಂದರೆ ಆಗ ಯಾವ ವಿಧಾನ ಆರಿಸಬೇಕೆಂಬ ಚರ್ಚೆ ಅಲ್ಲೇ ಮುಗಿಯುತ್ತದೆ.

ಒಣ ಕಸದ ವಿಷಯದಲ್ಲಿ ಮನೆಯವರಿಗೆ ತಿಳಿಯದ ಒಂದು ಸಂಗತಿಯಿದೆ. ಪತ್ರಿಕೆ, ರಟ್ಟು, ಬಾಟಲಿಗಳನ್ನು ಮನೆಯಲ್ಲೇ ಮಾರಿಕೊಂಡು, ಚಿಪ್ಸ್ ಪೊಟ್ಟಣದಂಥ ಬೆಲೆಯಿಲ್ಲದ ಪ್ಲಾಸ್ಟಿಕ್ಕನ್ನು ಮಾತ್ರ ಒಣ ಕಸ ಸಂಗ್ರಹ ಕೇಂದ್ರಕ್ಕೆ ಕೊಟ್ಟರೆ ಆ ಕೇಂದ್ರ ನಡೆಸುವವರಿಗೆ ಸಂಬಳ ಕೊಡಲೂ ಹಣ ಹುಟ್ಟುವುದಿಲ್ಲ. ಬೆಲೆಯುಳ್ಳದ್ದನ್ನೂ ಅವರಿಗೇ ಕೊಡಲು ಬೀದಿಯವರು ಒಪ್ಪಿದರೆ, ಬೆಲೆಯಿಲ್ಲದ್ದನ್ನು ಸಾಗಿಸುವ ಹೊರೆ ಅವರಿಗೆ ತುಸು ಹಗುರವಾಗುತ್ತದೆ. ತೊಳೆದು ಒಣಗಿಸಿ ಕೊಡುವುದು ಅವರಿಗೆ ಸಲ್ಲಿಸಬೇಕಾದ ಕನಿಷ್ಠ ಮರ್ಯಾದೆ.

ಏಳನೆಯ ಹೆಜ್ಜೆ: ಹಣದ ಲೆಕ್ಕ

ಬಡಾವಣೆಯ ಸಂಘಗಳು ಒಡೆಯುವುದು ಬಹುತೇಕ ಹಣದಿಂದಲೇ. ನೋಂದಾಯಿತ ಸಂಘವೊಂದರ ಬ್ಯಾಂಕ್ ಖಾತೆಯನ್ನು ಬಳಸಿ, ಹಣ ತೆಗೆಯಲು ಬೇರೆ ಬೇರೆ ಗುಂಪುಗಳ ಇಬ್ಬರ ಸಹಿ ಬೇಕೆಂದು ನಿರ್ಣಯ ಮಾಡಿ. ಪ್ರತಿ ತಿಂಗಳು ಜಮಾ ಖರ್ಚನ್ನು ಉದ್ಯಾನದ ಫಲಕದ ಮೇಲೆ ಅಂಟಿಸಿ. ಕೈಗೆ ಕೊಟ್ಟ ಹತ್ತು ರೂಪಾಯಿಗೂ ರಸೀದಿ ಇರಲಿ. ಯಾವ ಸಂಘವೂ ನೋಂದಣಿಯಾಗಿಲ್ಲದಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ವಯಸ್ಕರು ಸೇರಿ ನೋಂದಾಯಿಸಬಹುದು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ಮೊದಲ ವರ್ಷವೇ ಬೆನ್ನಟ್ಟಬೇಡಿ. ಅದು ತೊಟ್ಟಿ, ಯಂತ್ರಗಳಿಗೆ ಸುಲಭವಾಗಿ ಸಿಗುತ್ತದೆ, ಕೂಲಿಗೆ ಸಿಗುವುದು ಕಷ್ಟ. ಯಂತ್ರ ಬಂದು ಕೆಲಸಗಾರರಿಲ್ಲದೆ ತುಕ್ಕು ಹಿಡಿಯುವುದಕ್ಕಿಂತ, ಮನೆಗಿಷ್ಟು ಎಂದು ತಿಂಗಳ ವಂತಿಗೆ ಎತ್ತಿ ಕೂಲಿಯನ್ನು ಖಚಿತಪಡಿಸಿಕೊಳ್ಳುವುದು ಉತ್ತಮ.

ಎಂಟನೆಯ ಹೆಜ್ಜೆ: ಕೆರೆಯತ್ತ ಸಾಗುವಾಗ

ಒಂದು ವರ್ಷ ಗೊಬ್ಬರದ ಕೆಲಸ ನಡೆದ ಮೇಲೆ ಹತ್ತಿರದ ಕೆರೆಗೆ ಕೈಹಾಕುವ ಆಸೆ ಸಹಜ, ಅದಕ್ಕೆ ಒಳ್ಳೆಯ ಮಾದರಿಗಳೂ ಇವೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ಕಟ್ಟಿ, 2011ರಲ್ಲಿ ಪಾಲಿಕೆಯೊಂದಿಗೆ ನಿರ್ವಹಣಾ ಒಪ್ಪಂದ ಮಾಡಿಕೊಂಡರು; ಪಕ್ಕದ ವಸತಿ ಸಮುಚ್ಚಯದ ಶುದ್ಧೀಕರಿಸಿದ ನೀರು ಕೆರೆಗೆ ಹರಿಯುವಂತೆ ಮಾಡಿದರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯ ಪುನಶ್ಚೇತನದಲ್ಲಿ ಸುತ್ತಲಿನ ನಿವಾಸಿಗಳು ಅಧಿಕಾರಿಗಳ ಜೊತೆ ಕೂತು ಯೋಜಿಸಿದರು, ದನಕ್ಕೆ ಹುಲ್ಲು ಕೊಯ್ಯುವವರಿಗೂ ಅಲ್ಲಿ ಜಾಗವಿತ್ತು. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ಮೊದಲು ಜೊಂಡು ಬೆಳೆದ ಜೌಗಿನ ಮೂಲಕ ಹಾದು, ಇನ್ನಷ್ಟು ತಿಳಿಯಾಗಿ ಕೆರೆಗೆ ಸೇರುತ್ತದೆ.

ಈ ಮೂರರಲ್ಲೂ ಗಮನಿಸಬೇಕಾದದ್ದು, ನೀರು ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೆ ಉತ್ತರವಿತ್ತು ಎಂಬುದು. ನೀವೂ ದಂಡೆಯ ಮೇಲೆ ನಡಿಗೆಯ ದಾರಿ, ಬೆಂಚುಗಳ ಮಾತಾಡುವ ಮುನ್ನ ರಾಜಕಾಲುವೆಗಳ ಗುಂಟ ನಡೆದು, ಯಾವುದರಲ್ಲಿ ಮಳೆನೀರು, ಯಾವುದರಲ್ಲಿ ಒಳಚರಂಡಿಯ ನೀರು ಬರುತ್ತಿದೆಯೆಂದು ನಕ್ಷೆಯಲ್ಲಿ ಗುರುತಿಸಿ. ನೀರು ಹೊರಬಿಡುವ ತೂಬು, ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕೋಡಿ ಎಲ್ಲಿದ್ದವೆಂದು ಊರಿನ ಹಿರಿಯರನ್ನು ಕೇಳಿ. ಮೀನು ಹಿಡಿಯುವವರು, ಹುಲ್ಲು ಕೊಯ್ಯುವವರು, ಅಗಸರು, ಕೆರೆಯಂಗಳದ ದೇವಸ್ಥಾನದವರು ಬಡಾವಣೆ ಹುಟ್ಟುವ ಮೊದಲೇ ಇದ್ದವರು. ಅವರನ್ನು ಬೇಲಿಯ ಹೊರಗಿಡುವ ಯೋಜನೆಗೆ ಪಾಲುದಾರಿಕೆಯ ಹೆಸರು ಸಲ್ಲದು. ಕೆರೆಯ ಮೇಲಿನ ಒಪ್ಪಂದಗಳು ನ್ಯಾಯಾಲಯದ ಆದೇಶದಿಂದ, ಸರ್ಕಾರದ ನೀತಿಯಿಂದ ಬದಲಾಗುತ್ತ ಬಂದಿವೆ. ಹಾಗಾಗಿ ಈಗಿನ ನಿಯಮವನ್ನು ಪಾಲಿಕೆಯ ಕೆರೆ ವಿಭಾಗದಲ್ಲಿ ಲಿಖಿತವಾಗಿ ಕೇಳಿಕೊಂಡೇ ಮುಂದುವರಿಯಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ.

ಒಂಬತ್ತನೆಯ ಹೆಜ್ಜೆ: ದಾಖಲೆ, ದೂರು ಮತ್ತು ಹಸ್ತಾಂತರ

ತೊಟ್ಟಿಯ ಪಕ್ಕದಲ್ಲಿ ಒಂದು ಪುಸ್ತಕ ಕಟ್ಟಿಡಿ. ಆ ದಿನ ಬಂದ ಹಸಿ ಕಸದ ತೂಕ, ಬೆರೆಸಿದ ಎಲೆಯ ಚೀಲಗಳು, ತಿರುವಿದ ದಿನಾಂಕ, ಬಂದ ದೂರು ಮತ್ತು ಅದಕ್ಕೆ ಮಾಡಿದ್ದೇನು, ಇಷ್ಟನ್ನು ಕೆಲಸ ಮಾಡುವವರೇ ಬರೆಯಲಿ. ನಾತದ ದೂರು ಬಂದ ದಿನವೇ ದೂರಿದವರನ್ನು ತೊಟ್ಟಿಯ ಬಳಿ ಕರೆದು, ಎಲೆ ಹಾಕಿ ತಿರುವಿ ತೋರಿಸಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ಉತ್ತರಿಸುತ್ತ ಕೂತರೆ ಅದು ಜಗಳವಾಗಿ ಬೆಳೆಯುತ್ತದೆ. ಮೂರು ತಿಂಗಳಿಗೊಮ್ಮೆ ಎಲ್ಲ ಗುಂಪಿನವರೂ ಸೇರಿ ಪುಸ್ತಕ ಓದಿ, ಎಲ್ಲಿ ಕೆಲಸ ತಪ್ಪಿದೆಯೆಂದು ನೋಡಲಿ. ಆ ಸಭೆಯ ಅಧ್ಯಕ್ಷತೆ ಸರದಿಯ ಮೇಲೆ ಬದಲಾಗಲಿ.

ವರ್ಷದ ಕೊನೆಯಲ್ಲಿ ತಿಳಿವಳಿಕೆ ಪತ್ರವನ್ನು ಹೊಸದಾಗಿ ಬರೆಯುವಾಗ, ಮೊದಲು ಮುಂದಾಳತ್ವ ವಹಿಸಿದವರು ಕನಿಷ್ಠ ಒಂದು ಹೊಣೆಯನ್ನಾದರೂ ಬೇರೆಯವರಿಗೆ ಬಿಟ್ಟುಕೊಡಬೇಕು: ಬೀಗದ ಕೈಯನ್ನೋ, ಬ್ಯಾಂಕಿನ ಸಹಿಯನ್ನೋ, ಪಾಲಿಕೆಯ ಪತ್ರವ್ಯವಹಾರವನ್ನೋ. ಎರಡನೆಯ ವರ್ಷದಲ್ಲಿ ಮುಂದಿನ ಎರಡು ಬೀದಿಗಳನ್ನು ಸೇರಿಸುವಾಗ ಅಲ್ಲಿನವರಿಗೆ ಕಲಿಸುವವರು ಮೊದಲ ಬೀದಿಗಳ ಸ್ವಸಹಾಯ ಗುಂಪಿನವರೇ ಆಗಿರಲಿ, ಅವರ ಆ ಸಮಯಕ್ಕೂ ಗೌರವಧನವನ್ನು ಹೊಸ ಪತ್ರದಲ್ಲಿ ನಮೂದಿಸಿ.